ಎಕ್ಸ್‌ಕ್ಲೂಸಿವ್ ಗೇಮ್‌ಗಳ ಪೈಪೋಟಿ: ದುಡ್ಡು ಯಾರಿಗೆ ಹೋಯಿತು, ಆಟಗಾರನಿಗೆ ಏನು ಸಿಕ್ಕಿತು?

ಮೆಟ್ರೋ ಎಕ್ಸೋಡಸ್ ಗೇಮ್ ಬಿಡುಗಡೆಗೆ ಗೊತ್ತಾಗಿದ್ದ ದಿನ 2019ರ ಫೆಬ್ರವರಿ 15. ಅದಕ್ಕೆ ಎರಡೂವರೆ ವಾರ ಇರುವಾಗ, ಜನವರಿ 28ಕ್ಕೆ, ಅದರ ಪಬ್ಲಿಷರ್, ಅಂದರೆ ಗೇಮ್ ಅನ್ನು ಮಾರುಕಟ್ಟೆಗೆ ತರುವ ಕಂಪನಿ, ಡೀಪ್ ಸಿಲ್ವರ್ ಕಡೆಯಿಂದ ಒಂದು ಪ್ರಕಟಣೆ ಬಂತು. ಪಿಸಿಯಲ್ಲಿ ಈ ಗೇಮ್ ಇನ್ನೊಂದು ವರ್ಷ ಎಪಿಕ್ ಗೇಮ್ಸ್ ಸ್ಟೋರ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ ಎಂದು. ಹೀಗೆ ಒಂದೇ ಅಂಗಡಿಯಲ್ಲಿ ಸಿಗುವ ಗೇಮ್‌ಗೇ ಎಕ್ಸ್‌ಕ್ಲೂಸಿವ್ ಅನ್ನುವುದು. ಅಲ್ಲಿವರೆಗೆ ಅದೇ ಗೇಮ್‌ಗೆ ಪಿಸಿ ಗೇಮ್‌ಗಳ ಅತಿ ದೊಡ್ಡ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಪ್ರೀ-ಆರ್ಡರ್ ನಡೆಯುತ್ತಿತ್ತು. ಆಗಲೇ ದುಡ್ಡು ಕಟ್ಟಿದವರಿಗೆ ಸ್ಟೀಮ್‌ನಲ್ಲೇ ಗೇಮ್ ಸಿಕ್ಕಿತು, ಅದು ನಿಜ. ಆದರೆ ಉಳಿದವರಿಗೆ ಬಾಗಿಲು ಮುಚ್ಚಿತು. ಇದು ನಮ್ಮ ಗ್ರಾಹಕರಿಗೆ ಮಾಡಿದ ಅನ್ಯಾಯ ಎಂದು ಸ್ಟೀಮ್ ಆ ಗೇಮ್‌ನ ಪುಟದಲ್ಲೇ ಬರೆದು ಹಾಕಿತು. ಸಿಟ್ಟಿಗೆದ್ದ ಆಟಗಾರರು ಹಳೆಯ ಮೆಟ್ರೋ ಗೇಮ್‌ಗಳ ಪುಟಕ್ಕೆ ಹೋಗಿ ಕೆಟ್ಟ ರಿವ್ಯೂಗಳನ್ನು ಸುರಿದರು.

ಅಂದು ಶುರುವಾದ ಜಗಳ ಇವತ್ತಿಗೂ ಪೂರ್ತಿ ತಣ್ಣಗಾಗಿಲ್ಲ. ಒಂದು ಕಡೆಯವರು "ಸ್ಟೀಮ್‌ನ ಏಕಸ್ವಾಮ್ಯ ಮುರಿಯಬೇಕು, ಎಪಿಕ್ ಮಾಡಿದ್ದು ಸರಿ" ಅನ್ನುತ್ತಾರೆ. ಇನ್ನೊಂದು ಕಡೆಯವರು "ದುಡ್ಡು ಕೊಟ್ಟು ಗೇಮ್ ಕಟ್ಟಿಹಾಕುವುದು ಪೈಪೋಟಿಯೇ ಅಲ್ಲ" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಆದರೆ ಈ ಕೂಗಾಟದಲ್ಲಿ ಒಂದು ಮುಖ್ಯ ಪ್ರಶ್ನೆ ಕಳೆದುಹೋಯಿತು ಅನ್ನುವುದು ನನ್ನ ಅಭಿಪ್ರಾಯ. ಅಂಗಡಿಗಳು ಜಗಳವಾಡಿದರೆ ಗಿರಾಕಿಗೆ ಬೆಲೆ ಇಳಿಯಬೇಕು, ಅಲ್ವಾ? ಇಲ್ಲಿ ಯಾಕೆ ಇಳಿಯಲಿಲ್ಲ?

ಮೊದಲು ಸ್ಟೀಮ್ ಇಷ್ಟು ದೊಡ್ಡದಾದದ್ದು ಹೇಗೆ ಅನ್ನುವುದನ್ನು ನೋಡೋಣ. ವಾಲ್ವ್ ಕಂಪನಿ 2003ರ ಸೆಪ್ಟೆಂಬರ್‌ನಲ್ಲಿ ಸ್ಟೀಮ್ ಶುರು ಮಾಡಿದಾಗ ಅದು ಅಂಗಡಿಯೇ ಆಗಿರಲಿಲ್ಲ. ಕೌಂಟರ್ ಸ್ಟ್ರೈಕ್‌ನಂಥ ತನ್ನದೇ ಗೇಮ್‌ಗಳಿಗೆ ಅಪ್‌ಡೇಟ್ ಕಳಿಸುವ, ಮೋಸದ ಆಟ ತಡೆಯುವ ಒಂದು ವ್ಯವಸ್ಥೆ ಅಷ್ಟೇ. 2004ರ ನವೆಂಬರ್‌ನಲ್ಲಿ ಹಾಫ್-ಲೈಫ್ 2 ಬಂತು. ಅಂಗಡಿಯಲ್ಲಿ ಡಿಸ್ಕ್ ಕೊಂಡು ತಂದವರೂ ಅದನ್ನು ಆಡಬೇಕಾದರೆ ಸ್ಟೀಮ್ ಹಾಕಿಕೊಳ್ಳಲೇಬೇಕಿತ್ತು. ಆಗ ಜನ ಬೈದುಕೊಂಡೇ ಹಾಕಿಕೊಂಡರು. ಇದನ್ನು ಇವತ್ತು ಮರೆಯಬಾರದು. ಎಪಿಕ್ ಮೇಲಿನ ದೂರು ಏನಿದೆಯೋ, ಅಂದರೆ ಬೇಕಾದ ಗೇಮ್ ತೋರಿಸಿ ಬೇಡದ ಲಾಂಚರ್ (ಅಂಗಡಿಯ ಗೇಮ್‌ಗಳನ್ನು ಆಡಲು ಹಾಕಿಕೊಳ್ಳುವ ಸಾಫ್ಟ್‌ವೇರ್) ಹೇರುವುದು, ಸ್ಟೀಮ್ ಬೆಳೆದದ್ದೂ ಅದೇ ದಾರಿಯಲ್ಲಿ. ವ್ಯತ್ಯಾಸ ಒಂದೇ. ಹಾಫ್-ಲೈಫ್ 2 ವಾಲ್ವ್ ತಾನೇ ಮಾಡಿದ ಗೇಮ್ ಆಗಿತ್ತು. ಬೇರೆಯವರ ಗೇಮ್‌ಗೆ ದುಡ್ಡು ಕೊಟ್ಟು ಬೇರೆ ಅಂಗಡಿಯಿಂದ ಎಳೆದು ತಂದದ್ದಲ್ಲ.

2005ರಿಂದ ಬೇರೆ ಕಂಪನಿಗಳ ಗೇಮ್‌ಗಳೂ ಸ್ಟೀಮ್‌ಗೆ ಬಂದವು. ಆಮೇಲೆ ವರ್ಷ ವರ್ಷ ಒಂದೊಂದೇ ಸೌಲಭ್ಯ ಸೇರುತ್ತಾ ಹೋಯಿತು. ಸೇವ್ ಫೈಲ್ ಕ್ಲೌಡ್‌ನಲ್ಲಿ ಇಡುವುದು, ಗೇಮ್‌ಗೆ ಆಟಗಾರರೇ ಮಾಡಿದ ಬದಲಾವಣೆಗಳನ್ನು, ಅಂದರೆ ಮಾಡ್‌ಗಳನ್ನು, ಹಂಚಿಕೊಳ್ಳುವ ವರ್ಕ್‌ಶಾಪ್, ರಿವ್ಯೂ, ವಿಶ್‌ಲಿಸ್ಟ್. 2015ರ ಜೂನ್‌ನಿಂದ ರಿಫಂಡ್ ಬಂತು. ಕೊಂಡ 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಏನೇ ಇರಲಿ ದುಡ್ಡು ವಾಪಸ್. ಇದೆಲ್ಲ ಪುಕ್ಕಟೆ ಅಲ್ಲ. ಮಾರಾಟದ 30 ಶೇಕಡಾ ವಾಲ್ವ್‌ಗೆ ಹೋಗುತ್ತದೆ. 2018ರ ಕೊನೆಯಲ್ಲಿ ಇದನ್ನು ಸ್ವಲ್ಪ ಬದಲಿಸಿದರು. ಒಂದು ಗೇಮ್ 1 ಕೋಟಿ ಡಾಲರ್ ದಾಟಿದ ಮೇಲೆ 25 ಶೇಕಡಾ, 5 ಕೋಟಿ ಡಾಲರ್ ದಾಟಿದ ಮೇಲೆ 20 ಶೇಕಡಾ. ಅಂದರೆ ರಿಯಾಯಿತಿ ಸಿಕ್ಕಿದ್ದು ದೊಡ್ಡವರಿಗೆ. ಇಬ್ಬರು ಮೂವರು ಸೇರಿ ಮಾಡಿದ ಗೇಮ್‌ಗೆ ಇವತ್ತಿಗೂ ಪೂರ್ತಿ 30. ಇದು ನನಗೆ ಮೊದಲಿನಿಂದಲೂ ಸರಿ ಕಂಡಿಲ್ಲ. ರಿಯಾಯಿತಿ ಬೇಕಿರುವವನಿಗೆ ಬಿಟ್ಟು ಬೇಡದವನಿಗೆ ಕೊಟ್ಟ ಹಾಗಾಯಿತು.

ಈ 30 ಶೇಕಡಾ ಎಷ್ಟು ಲಾಭದ ವ್ಯವಹಾರ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಇದೆ. ಅಮೆರಿಕದ ಒಂದು ಮೊಕದ್ದಮೆಯ ಕಡತಗಳಿಂದ ವಾಲ್ವ್‌ನ ಸಿಬ್ಬಂದಿ ಸಂಖ್ಯೆ ಹೊರಬಿತ್ತು. 2021ರಲ್ಲಿ ಇಡೀ ಕಂಪನಿಯಲ್ಲಿ 336 ಜನ. ಅದರಲ್ಲಿ ಸ್ಟೀಮ್ ನೋಡಿಕೊಳ್ಳುತ್ತಿದ್ದವರು 79. ಪ್ರಪಂಚದ ಅತಿ ದೊಡ್ಡ ಪಿಸಿ ಗೇಮ್ ಅಂಗಡಿಯನ್ನು ನಡೆಸುವುದಕ್ಕೆ ನೂರು ಜನವೂ ಇರಲಿಲ್ಲ.

ಇಂಥ ಕಡೆ ಪೈಪೋಟಿಗೆ ಯಾರಾದರೂ ಬಂದೇ ಬರುತ್ತಾರೆ. 2018ರ ಡಿಸೆಂಬರ್ 6ಕ್ಕೆ ಎಪಿಕ್ ಬಂತು. ಫೋರ್ಟ್‌ನೈಟ್‌ನಿಂದ ಅದರ ಕೈಯಲ್ಲಿ ಬೇಕಾದಷ್ಟು ಹಣ ಇತ್ತು. ಆ ಗೇಮ್ ಆಡಲು ಎಪಿಕ್ ಲಾಂಚರ್ ಹಾಕಿಕೊಂಡಿದ್ದ ಕೋಟಿಗಟ್ಟಲೆ ಜನರೂ ಇದ್ದರು. ಅದು ಕೇಳಿದ ಕಮಿಷನ್ ಬರೀ 12 ಶೇಕಡಾ. ಅದರ ಜೊತೆಗೆ, ಗೇಮ್ ಕಟ್ಟಲು ಬಳಸುವ ಎಪಿಕ್‌ನದೇ ಸಾಫ್ಟ್‌ವೇರ್ ಅನ್‌ರಿಯಲ್ ಎಂಜಿನ್‌ನಲ್ಲಿ ಮಾಡಿದ ಗೇಮ್ ಆದರೆ ಎಪಿಕ್ ಸ್ಟೋರ್‌ನಲ್ಲಿ ಮಾರಿದ ಪ್ರತಿಗಳಿಗೆ 5 ಶೇಕಡಾ ರಾಯಲ್ಟಿಯೂ ಮಾಫಿ.

ಇದನ್ನು ರೂಪಾಯಿಯಲ್ಲಿ ಹಾಕಿ ನೋಡೋಣ. ತೆರಿಗೆ ಬದಿಗಿಡಿ. ಗೇಮ್ ಬೆಲೆ ₹1,000. ಸ್ಟೀಮ್‌ನಲ್ಲಿ ಮಾರಿದರೆ ₹300 ಅಂಗಡಿಗೆ, ₹700 ಗೇಮ್ ಮಾಡಿದವರಿಗೆ. ಎಪಿಕ್‌ನಲ್ಲಿ ಮಾರಿದರೆ ₹120 ಅಂಗಡಿಗೆ, ₹880 ಮಾಡಿದವರಿಗೆ. ಈಗ ಎಪಿಕ್‌ನಲ್ಲಿ ಅದೇ ಗೇಮ್‌ಗೆ ₹800 ಬೆಲೆ ಇಟ್ಟರೆ? ಅಂಗಡಿಗೆ ₹96 ಹೋಗಿ ಮಾಡಿದವರಿಗೆ ₹704 ಉಳಿಯುತ್ತದೆ. ಅಂದರೆ ಸ್ಟೀಮ್‌ನಲ್ಲಿ ಸಿಗುವುದಕ್ಕಿಂತ ನಾಲ್ಕು ರೂಪಾಯಿ ಜಾಸ್ತಿಯೇ. ಕೊಳ್ಳುವವನಿಗೆ ಇನ್ನೂರು ರೂಪಾಯಿ ಉಳಿತಾಯ. ಯಾರಿಗೂ ನಷ್ಟವಿಲ್ಲ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಮೆಟ್ರೋ ಎಕ್ಸೋಡಸ್ ಅಮೆರಿಕದಲ್ಲಿ ಮಾಡಿದ್ದೇ ಇದನ್ನು. 60 ಡಾಲರ್ ಇದ್ದ ಬೆಲೆಯನ್ನು ಎಪಿಕ್‌ಗೆ ಹೋದಾಗ 50 ಡಾಲರ್‌ಗೆ ಇಳಿಸಿತು. 60ರಲ್ಲಿ 30 ಶೇಕಡಾ ಕಳೆದರೆ ಪಬ್ಲಿಷರ್‌ಗೆ 42 ಡಾಲರ್. 50ರಲ್ಲಿ 12 ಶೇಕಡಾ ಕಳೆದರೆ 44. ಆಟಗಾರ ಹತ್ತು ಡಾಲರ್ ಕಡಿಮೆ ಕೊಟ್ಟ, ಪಬ್ಲಿಷರ್ ಎರಡು ಡಾಲರ್ ಜಾಸ್ತಿ ಪಡೆದ. ಎಲ್ಲರಿಗಿಂತ ಜಾಸ್ತಿ ಬೈಸಿಕೊಂಡ ಗೇಮ್‌ನಲ್ಲೇ ಈ ಒಳ್ಳೆಯ ಉದಾಹರಣೆ ಇದೆ ಅನ್ನುವುದನ್ನು ಹೆಚ್ಚಿನವರು ಗಮನಿಸಲೇ ಇಲ್ಲ.

ಆದರೆ ಅದು ಪದ್ಧತಿ ಆಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಾರ್ಡರ್‌ಲ್ಯಾಂಡ್ಸ್ 3 ಬಂತು. ಪಿಸಿಯಲ್ಲಿ ಆರು ತಿಂಗಳು ಎಪಿಕ್‌ನಲ್ಲಿ ಮಾತ್ರ. ಬೆಲೆ ಎಂದಿನಂತೆ 60 ಡಾಲರ್. ರೆಮಿಡಿ ಸ್ಟುಡಿಯೋದ ಕಂಟ್ರೋಲ್ ಬಂತು, ಅದಕ್ಕೂ 60 ಡಾಲರ್. ಕಮಿಷನ್‌ನಲ್ಲಿ ಉಳಿದ 18 ಶೇಕಡಾ ಪಬ್ಲಿಷರ್ ಹತ್ತಿರವೇ ಉಳಿಯಿತು.

ಯಾಕೆ ಹೀಗಾಯಿತು ಅನ್ನುವುದಕ್ಕೆ ಎಕ್ಸ್‌ಕ್ಲೂಸಿವ್ ಒಪ್ಪಂದ ಹೇಗೆ ನಡೆಯುತ್ತದೆ ಅಂತ ತಿಳಿಯಬೇಕು. ಎಪಿಕ್ ಕೊಡುತ್ತಿದ್ದದ್ದು ಸಾಮಾನ್ಯವಾಗಿ ಮಿನಿಮಮ್ ಗ್ಯಾರಂಟಿ. "ನಿಮ್ಮ ಗೇಮ್ ಇಷ್ಟು ಮಾರಾಟ ಆಗಿಯೇ ಆಗುತ್ತದೆ ಎಂದುಕೊಂಡು ಈಗಲೇ ಇಷ್ಟು ಹಣ ಕೊಡುತ್ತೇವೆ. ಅದಕ್ಕಿಂತ ಕಡಿಮೆ ಮಾರಾಟವಾದರೆ ನಷ್ಟ ನಮ್ಮದು. ಜಾಸ್ತಿ ಆದರೆ ನಿಮ್ಮ ಪಾಲು ನಿಮಗೆ." ಕಂಟ್ರೋಲ್ ಗೇಮ್‌ನ ಪಬ್ಲಿಷರ್ 505 ಗೇಮ್ಸ್. ಅದರ ಇಟಲಿಯ ಮಾತೃ ಕಂಪನಿ ಡಿಜಿಟಲ್ ಬ್ರದರ್ಸ್‌ನ ಲೆಕ್ಕಪತ್ರದಲ್ಲಿ ಎಪಿಕ್‌ನಿಂದ ಬಂದ 94.9 ಲಕ್ಷ ಯೂರೋ ಕಾಣಿಸಿತು. ಬಾರ್ಡರ್‌ಲ್ಯಾಂಡ್ಸ್ 3ಕ್ಕೆ ಕೊಟ್ಟ ಗ್ಯಾರಂಟಿ 8 ಕೋಟಿ ಡಾಲರ್ ಎಂದು ಎಪಿಕ್ ಮತ್ತು ಆಪಲ್ ನಡುವಿನ ಮೊಕದ್ದಮೆಯ ದಾಖಲೆಗಳಿಂದ ತಿಳಿಯಿತು. ಈ ದುಡ್ಡು ಯಾರಿಗೆ ಹೋಯಿತು ನೋಡಿ. ಪಬ್ಲಿಷರ್‌ಗೆ. ಆಟಗಾರನನ್ನು ಒಲಿಸಿಕೊಳ್ಳಲು ಖರ್ಚಾದ ಹಣ ಅಲ್ಲ ಅದು. ಆಟಗಾರ ಬೇರೆ ಕಡೆ ಹೋಗದಂತೆ ನೋಡಿಕೊಳ್ಳಲು ಖರ್ಚಾದ ಹಣ.

ಒಂದೇ ಗೇಮ್ ಎರಡು ಅಂಗಡಿಯಲ್ಲಿ ಇದ್ದಾಗ ಮಾತ್ರ ಬೆಲೆಯ ಪೈಪೋಟಿ ಹುಟ್ಟುತ್ತದೆ. ಪಕ್ಕದ ಅಂಗಡಿಯಲ್ಲಿ ಆ ಸಾಮಾನೇ ಇಲ್ಲ ಅಂದಮೇಲೆ ಬೆಲೆ ಇಳಿಸುವ ಅಗತ್ಯ ಯಾರಿಗಿದೆ? ಎಕ್ಸ್‌ಕ್ಲೂಸಿವ್ ಅನ್ನುವುದು ಪೈಪೋಟಿಯ ಹೆಸರಿನಲ್ಲಿ ಪೈಪೋಟಿಯ ಬುಡವನ್ನೇ ಕಡಿಯುತ್ತದೆ. ಎಪಿಕ್‌ನ 12 ಶೇಕಡಾ ಕಮಿಷನ್ ನಿಜಕ್ಕೂ ದೊಡ್ಡ ವಿಷಯವಾಗಿತ್ತು. ಅದರ ಲಾಭ ಆಟಗಾರನ ಕೈಗೆ ಬರುವ ದಾರಿಯನ್ನು ಅದೇ ಎಪಿಕ್ ತನ್ನ ಇನ್ನೊಂದು ಕೈಯಿಂದ ಮುಚ್ಚಿತು.

ಹಾಗಂತ ಎಲ್ಲ ಎಕ್ಸ್‌ಕ್ಲೂಸಿವ್‌ಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ತಪ್ಪು. ಊಬ್ಲೆಟ್ಸ್ ಅನ್ನುವ ಮುದ್ದಾದ ಒಂದು ಗೇಮ್ ಇದೆ. ತೀರಾ ಚಿಕ್ಕ ತಂಡ ಮಾಡಿದ್ದು. 2019ರಲ್ಲಿ ಅವರು ಎಪಿಕ್ ಜೊತೆ ಒಪ್ಪಂದ ಮಾಡಿಕೊಂಡರು. ಗ್ಯಾರಂಟಿ ಹಣ ಬಂದರೆ ಗೇಮ್ ಅರ್ಧಕ್ಕೆ ನಿಲ್ಲುವ ಭಯ ಇರುವುದಿಲ್ಲ ಅನ್ನುವುದು ಅವರ ಕಾರಣ. ಅದಕ್ಕೆ ಅವರಿಗೆ ಸಿಕ್ಕಿದ್ದು ಸಾವಿರಾರು ಬೈಗುಳ ಮತ್ತು ಬೆದರಿಕೆ ಸಂದೇಶಗಳು. ಅದು ನಾಚಿಕೆಗೇಡು. ವರ್ಷಗಟ್ಟಲೆ ಸಂಬಳವಿಲ್ಲದೆ ಗೇಮ್ ಮಾಡುತ್ತಿರುವ ಇಬ್ಬರಿಗೆ ಯಾರಾದರೂ ಬಂದು "ಗೇಮ್ ಓಡದಿದ್ದರೂ ನಿಮಗೆ ಇಷ್ಟು ಹಣ ಖಂಡಿತ" ಅಂದರೆ ಒಪ್ಪಿಕೊಳ್ಳುವುದರಲ್ಲಿ ತಪ್ಪೇನಿದೆ? ಸ್ಟೀಮ್‌ನಲ್ಲಿ 2024ರಲ್ಲಿ ಹೊಸದಾಗಿ ಬಂದ ಗೇಮ್‌ಗಳೇ 18 ಸಾವಿರಕ್ಕೂ ಹೆಚ್ಚು. ಆ ರಾಶಿಯಲ್ಲಿ ಯಾರ ಕಣ್ಣಿಗೂ ಬೀಳದೆ ಮುಳುಗುವ ಗೇಮ್‌ಗಳೇ ಜಾಸ್ತಿ.

ಹೇಡೀಸ್‌ನದು ಇನ್ನೂ ಒಳ್ಳೆಯ ಉದಾಹರಣೆ. ಎಪಿಕ್ ಸ್ಟೋರ್ ಶುರುವಾದ ದಿನವೇ ಅದು ಅರ್ಲಿ ಆಕ್ಸೆಸ್‌ನಲ್ಲಿ, ಅಂದರೆ ಪೂರ್ತಿಯಾಗುವ ಮುಂಚೆಯೇ ಮಾರುವ ರೂಪದಲ್ಲಿ, ಅಲ್ಲಿಗೆ ಬಂತು. ಸೂಪರ್‌ಜೈಂಟ್ ಗೇಮ್ಸ್ ತಂಡ ಒಂದು ವರ್ಷ ಅಲ್ಲಿಯ ಆಟಗಾರರ ಮಾತು ಕೇಳಿ ಗೇಮ್ ತಿದ್ದಿತು. 2019ರ ಡಿಸೆಂಬರ್‌ನಲ್ಲಿ ಸ್ಟೀಮ್‌ಗೂ ಬಂತು. 2020ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ಆವೃತ್ತಿ ಬಂದಾಗ ಅದು ಆ ವರ್ಷದ ಅತಿ ಮೆಚ್ಚಿನ ಗೇಮ್‌ಗಳಲ್ಲಿ ಒಂದಾಯಿತು. ಇಲ್ಲಿ ಯಾರಿಗೂ ಕೊಟ್ಟ ಮಾತು ಮುರಿದಿಲ್ಲ. ಮೊದಲಿನಿಂದಲೇ ಹೇಳಿ ಮಾಡಿದ್ದು.

ಮಾತು ಮುರಿದದ್ದು ಬೇರೆ ಕಡೆ. ಫೀನಿಕ್ಸ್ ಪಾಯಿಂಟ್ ಮತ್ತು ಶೆನ್ಮ್ಯೂ 3 ಎರಡೂ ಜನರ ಚಂದಾ ಹಣದಿಂದ ಶುರುವಾದ ಗೇಮ್‌ಗಳು. ಗೇಮ್ ಇನ್ನೂ ಹುಟ್ಟುವ ಮುಂಚೆ, ಬರೀ ನಂಬಿಕೆಯ ಮೇಲೆ ಅಭಿಮಾನಿಗಳು ದುಡ್ಡು ಹಾಕಿದ್ದರು. ಸ್ಟೀಮ್ ಕೀ, ಅಂದರೆ ಸ್ಟೀಮ್‌ನಲ್ಲಿ ಹಾಕಿ ಗೇಮ್ ಪಡೆಯುವ ಕೋಡ್, ಕೊಡುವುದಾಗಿ ಅವರಿಗೆ ಹೇಳಿತ್ತು. 2019ರಲ್ಲಿ ಎರಡೂ ಎಪಿಕ್ ಎಕ್ಸ್‌ಕ್ಲೂಸಿವ್ ಆದವು. ಬೇಡ ಅಂದವರಿಗೆ ರಿಫಂಡ್ ಕೊಟ್ಟರು. ದುಡ್ಡು ವಾಪಸ್ ಬಂತು, ಸರಿ. ಆದರೆ ಗೇಮ್‌ಗೆ ಯಾರೂ ಇಲ್ಲದಾಗ ಜೊತೆಗಿದ್ದವರನ್ನೇ, ದೊಡ್ಡ ದುಡ್ಡು ಬಂದ ಕೂಡಲೇ ಬದಿಗೆ ಸರಿಸಿದ್ದು ವಾಪಸ್ ಬರುವಂಥದ್ದಲ್ಲ. ಈ ಎರಡು ಪ್ರಕರಣಗಳಲ್ಲಿ ಆಟಗಾರರ ಸಿಟ್ಟು ನೂರಕ್ಕೆ ನೂರು ನ್ಯಾಯವಾದದ್ದು.

ಹಿಟ್‌ಮನ್ 3ರದು ಇನ್ನೊಂದು ಬಗೆ. ಆ ಸರಣಿಯ ವಿಶೇಷ ಅಂದರೆ ಹಳೆಯ ಎರಡು ಗೇಮ್‌ಗಳಲ್ಲಿ ಆಟ ನಡೆಯುವ ಊರುಗಳನ್ನೂ ಹೊಸ ಗೇಮ್‌ನ ಒಳಗೇ ತಂದುಕೊಳ್ಳಬಹುದು. ಆದರೆ ಹಳೆಯವನ್ನು ಜನ ಕೊಂಡಿದ್ದು ಸ್ಟೀಮ್‌ನಲ್ಲಿ. ಹೊಸದು 2021ರ ಜನವರಿಯಲ್ಲಿ ಬಂದದ್ದು ಎಪಿಕ್‌ನಲ್ಲಿ ಮಾತ್ರ. ಬಿಡುಗಡೆಯ ಹೊತ್ತಿಗೆ ಹಿಟ್‌ಮನ್ 2ರ ಊರುಗಳಿಗೆ ಪಿಸಿ ಆಟಗಾರರು ಮತ್ತೆ ದುಡ್ಡು ಕೊಡಬೇಕಾಗುತ್ತದೆ ಎಂದು ಗೊತ್ತಾಯಿತು. ಜನ ಕೂಗಾಡಿದ ಮೇಲೆ ಅದನ್ನು ಸರಿಪಡಿಸಿದರು. ಅಂಗಡಿ ಬದಲಾದರೆ ಗಿರಾಕಿಯ ಹಳೆಯ ಖರೀದಿಗೆ ಬೆಲೆ ಇಲ್ಲದಂತಾಗುವುದು ಹೇಗೆ ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಇಡೀ ಕಥೆಯ ಗಂಟು ಇರುವುದು ಇಲ್ಲೇ. ಈ ತಿಂಗಳು ಅಕ್ಕಿಯನ್ನು ಒಂದು ಅಂಗಡಿಯಲ್ಲಿ ತಂದು ಮುಂದಿನ ತಿಂಗಳು ಎದುರಿನ ಅಂಗಡಿಗೆ ಹೋದರೆ ನಮಗೇನೂ ನಷ್ಟವಿಲ್ಲ. ಮನೆಯಲ್ಲಿ ಉಳಿದ ಅಕ್ಕಿ ಹಳೆಯ ಅಂಗಡಿಗೆ ವಾಪಸ್ ಹೋಗುವುದಿಲ್ಲ. ಗೇಮ್‌ಗಳಲ್ಲಿ ಹಾಗಲ್ಲ. ಹತ್ತು ವರ್ಷ ಕೊಂಡ ಗೇಮ್‌ಗಳೆಲ್ಲ ಒಂದು ಅಕೌಂಟ್‌ಗೆ ಕಟ್ಟಿಕೊಂಡಿವೆ. ಗೆಳೆಯರ ಪಟ್ಟಿ ಅಲ್ಲಿದೆ. ಸೇವ್ ಫೈಲ್ ಅಲ್ಲಿದೆ. ಮಾಡ್‌ಗಳು ಅಲ್ಲಿವೆ. ನೂರಾರು ಗೇಮ್ ಇರುವ ಲೈಬ್ರರಿಯನ್ನು ಬಿಟ್ಟು ಯಾರೂ ಹೋಗುವುದಿಲ್ಲ. ಹೆಚ್ಚೆಂದರೆ ಎರಡನೇ ಲಾಂಚರ್ ಹಾಕಿಕೊಂಡು, ಬೇಕಾದ ಆ ಒಂದು ಗೇಮ್ ಆಡಿ, ಮುಚ್ಚಿಟ್ಟು ಬರುತ್ತಾರೆ.

ಎಪಿಕ್‌ಗೆ ಆದದ್ದು ಅದೇ. ಅದರ ಪುಕ್ಕಟೆ ಗೇಮ್‌ಗಳ ಯೋಜನೆ ನಿಮಗೆ ಗೊತ್ತಿರಬಹುದು. ಪ್ರತಿ ಗುರುವಾರ, ನಮ್ಮ ಸಮಯಕ್ಕೆ ರಾತ್ರಿ ಎಂಟೂವರೆಗೆ, ಚಳಿಗಾಲದಲ್ಲಿ ಒಂಬತ್ತೂವರೆಗೆ, ಹೊಸ ಗೇಮ್ ಪುಕ್ಕಟೆಯಾಗಿ ತೆರೆಯುತ್ತದೆ. ಕೈಯಲ್ಲಿ ಕಾಸಿಲ್ಲದ ಕಾಲೇಜು ಹುಡುಗರಿಗೆ ಇದು ನಿಜವಾದ ಉಪಕಾರ. ಒಳ್ಳೊಳ್ಳೆಯ ಗೇಮ್‌ಗಳನ್ನು ಪೈರಸಿ ಇಲ್ಲದೆ ಆಡುವ ದಾರಿ. 2020ರ ಮೇ 14ರಂದು ಜಿಟಿಎ 5 ಪುಕ್ಕಟೆ ಕೊಟ್ಟಾಗ ನುಗ್ಗಿದ ಜನರಿಗೆ ಎಪಿಕ್ ಸ್ಟೋರೇ ಗಂಟೆಗಟ್ಟಲೆ ಬಿದ್ದುಹೋಗಿತ್ತು. ಇದಕ್ಕೆ ಎಪಿಕ್‌ಗೆ ಆಗುತ್ತಿದ್ದ ಖರ್ಚೂ ಅಷ್ಟೇನೂ ಜಾಸ್ತಿ ಅಲ್ಲ. ಮೊದಲ ಒಂಬತ್ತು ತಿಂಗಳು ಕೊಟ್ಟ ಎಲ್ಲ ಪುಕ್ಕಟೆ ಗೇಮ್‌ಗಳಿಗೆ ಸೇರಿ 1.16 ಕೋಟಿ ಡಾಲರ್. ಬಾರ್ಡರ್‌ಲ್ಯಾಂಡ್ಸ್ 3 ಒಂದಕ್ಕೇ ಕೊಟ್ಟ ಗ್ಯಾರಂಟಿಯ ಏಳನೇ ಒಂದು ಪಾಲು.

ಪುಕ್ಕಟೆ ಗೇಮ್ ತೆಗೆದುಕೊಳ್ಳಲು ಜನ ಬಂದರು. ಕೊಳ್ಳಲು ಮಾತ್ರ ವಾಪಸ್ ಸ್ಟೀಮ್‌ಗೆ ಹೋದರು. ಎಪಿಕ್ ತಾನೇ ವರ್ಷಕ್ಕೊಮ್ಮೆ ಕೊಡುವ ಅಂಕಿಗಳನ್ನು ನೋಡಿ. ಬೇರೆ ಕಂಪನಿಗಳ ಗೇಮ್‌ಗಳ ಮೇಲೆ ಆಟಗಾರರು ಅಲ್ಲಿ ಖರ್ಚು ಮಾಡಿದ್ದು 2019ರಲ್ಲಿ 25.1 ಕೋಟಿ ಡಾಲರ್. 2024ರಲ್ಲಿ 25.5 ಕೋಟಿ ಡಾಲರ್. ನಡುವೆ ಕೆಲವು ವರ್ಷ ಏರಿತ್ತು, ಮತ್ತೆ ಇಳಿಯಿತು. ಅದೇ ಹೊತ್ತಿಗೆ ಪಿಸಿ ಬಳಕೆದಾರರ ಅಕೌಂಟ್‌ಗಳು 29.5 ಕೋಟಿ ಮುಟ್ಟಿದ್ದವು. ಐದು ವರ್ಷ, ಅಷ್ಟೊಂದು ಎಕ್ಸ್‌ಕ್ಲೂಸಿವ್, ಅಷ್ಟೊಂದು ಪುಕ್ಕಟೆ ಗೇಮ್. ಮಾರಾಟ ಮಾತ್ರ ಹೊರಟಲ್ಲೇ ನಿಂತಿತ್ತು. ಆಪಲ್ ನ್ಯಾಯಾಲಯಕ್ಕೆ ಕೊಟ್ಟ ದಾಖಲೆ ಪ್ರಕಾರ 2019ರಲ್ಲಿ ಈ ಸ್ಟೋರ್‌ನಿಂದ ಎಪಿಕ್‌ಗೆ ಆದ ನಷ್ಟ 18.1 ಕೋಟಿ ಡಾಲರ್. 2023ರ ನವೆಂಬರ್‌ನಲ್ಲಿ ಗೂಗಲ್ ವಿರುದ್ಧದ ಮೊಕದ್ದಮೆಯಲ್ಲಿ ಸ್ಟೋರ್‌ನ ಮುಖ್ಯಸ್ಥರೇ ಇನ್ನೂ ಲಾಭ ಬಂದಿಲ್ಲ ಎಂದು ಸಾಕ್ಷಿ ಹೇಳಿದರು. ಎಕ್ಸ್‌ಕ್ಲೂಸಿವ್‌ಗಳಲ್ಲಿ ಹಲವು ಒಳ್ಳೆಯ ಹೂಡಿಕೆ ಆಗಿರಲಿಲ್ಲ, ಪುಕ್ಕಟೆ ಗೇಮ್‌ಗಳೇ ಚೆನ್ನಾಗಿ ಕೆಲಸ ಮಾಡಿದವು ಎಂದು ಎಪಿಕ್‌ನ ಮುಖ್ಯಸ್ಥ ಟಿಮ್ ಸ್ವೀನಿ 2024ರಲ್ಲಿ ಒಪ್ಪಿಕೊಂಡರು.

ನನಗೆ ಇದರಲ್ಲಿ ಬೇಸರ ತರುವುದು ಆ ಹಣ ಹೋದ ದಾರಿ. ಎಪಿಕ್ ಸ್ಟೋರ್‌ಗೆ ಶಾಪಿಂಗ್ ಕಾರ್ಟ್ ಬಂದದ್ದು 2021ರ ಡಿಸೆಂಬರ್‌ನಲ್ಲಿ. ಶುರುವಾಗಿ ಮೂರು ವರ್ಷದ ಮೇಲೆ! ಅಲ್ಲಿವರೆಗೆ ಸೇಲ್‌ನಲ್ಲಿ ಐದು ಗೇಮ್ ಬೇಕಾದರೆ ಐದು ಸಲ ಬೇರೆ ಬೇರೆಯಾಗಿ ಪಾವತಿ ಮಾಡಬೇಕಿತ್ತು. ಕೋಟಿಗಟ್ಟಲೆ ಡಾಲರ್ ಕೊಟ್ಟು ಗೇಮ್ ಕಟ್ಟಿಹಾಕುವಾಗಲೇ ಅಂಗಡಿಯನ್ನು ಅಂಗಡಿಯ ಹಾಗೆ ಮಾಡಿದ್ದರೆ, ಇವತ್ತಿನ ಅಂಕಿಗಳು ಬೇರೆ ಇರುತ್ತಿದ್ದವು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಸ್ಟೀಮ್ ಬಿಟ್ಟುಹೋದ ಉಳಿದವರ ಕಥೆಯೂ ಇದೇ. ಇಎ ಕಂಪನಿ 2011ರಲ್ಲಿ ಒರಿಜಿನ್ ಅನ್ನುವ ತನ್ನದೇ ಅಂಗಡಿ ಕಟ್ಟಿಕೊಂಡು ಹೊರಟಿತು, 2019ರ ಕೊನೆಯಲ್ಲಿ ವಾಪಸ್ ಬಂತು. ಬೆಥೆಸ್ಡಾ ಫಾಲೌಟ್ 76 ಅನ್ನು ತನ್ನ ಲಾಂಚರ್‌ನಲ್ಲಿ ಮಾತ್ರ ಬಿಟ್ಟಿತು, ಒಂದೂವರೆ ವರ್ಷದೊಳಗೆ ಸ್ಟೀಮ್‌ಗೆ ತಂದಿತು, ಕೊನೆಗೆ ಲಾಂಚರನ್ನೇ ಮುಚ್ಚಿತು. ಕಾಲ್ ಆಫ್ ಡ್ಯೂಟಿ 2022ರಲ್ಲಿ ಮರಳಿತು. ಯೂಬಿಸಾಫ್ಟ್ 2019ರಲ್ಲಿ ದಿ ಡಿವಿಷನ್ 2 ಇಂದ ಎಪಿಕ್ ಕಡೆ ಹೋಗಿತ್ತು. 2022ರ ಡಿಸೆಂಬರ್‌ನಲ್ಲಿ ಅಸಾಸಿನ್ಸ್ ಕ್ರೀಡ್ ವಲ್ಹಾಲಾ ಜೊತೆ ವಾಪಸ್ ಬಂತು. 2025ರ ಮಾರ್ಚ್‌ನಲ್ಲಿ ಅಸಾಸಿನ್ಸ್ ಕ್ರೀಡ್ ಶ್ಯಾಡೋಸ್ ಮೊದಲ ದಿನವೇ ಸ್ಟೀಮ್‌ನಲ್ಲಿತ್ತು. ಎಪಿಕ್ ತಾನೇ ಹಣ ಹಾಕಿದ ಅಲನ್ ವೇಕ್ 2 ಇನ್ನೂ ಸ್ಟೀಮ್‌ಗೆ ಬಂದಿಲ್ಲ. ಎಲ್ಲರೂ ಹೊಗಳಿದ ಗೇಮ್ ಅದು. ಆದರೂ ಹಾಕಿದ ಹಣ ಹುಟ್ಟಿ, ಮಾಡಿದವರಿಗೆ ರಾಯಲ್ಟಿ ಶುರುವಾಗಲು ಬಿಡುಗಡೆಯ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಹಾಗಾದರೆ ಸ್ಟೀಮ್ ಗೆದ್ದಿತು, ಆಟಗಾರನೂ ಗೆದ್ದ, ಮುಗಿಯಿತಲ್ಲ ಅಂತ ಅನ್ನಿಸಬಹುದು. ನಾನು ಹಾಗೆ ಹೇಳಲಾರೆ. ಯಾಕೆಂದರೆ ಎಕ್ಸ್‌ಕ್ಲೂಸಿವ್ ಅಲ್ಲದ ಗೇಮ್‌ಗಳಲ್ಲೂ ಬೆಲೆ ಇಳಿದಿಲ್ಲ. ಎರಡೂ ಕಡೆ ಸಿಗುವ ಗೇಮ್‌ಗಳನ್ನೇ ತೆಗೆದುಕೊಳ್ಳಿ. ಸ್ಟೀಮ್‌ನಲ್ಲಿ ₹1,000 ಇದ್ದರೆ ಎಪಿಕ್‌ನಲ್ಲೂ ಸಾಮಾನ್ಯವಾಗಿ ₹1,000. ಕಮಿಷನ್ 18 ಶೇಕಡಾ ಕಡಿಮೆ ಇರುವ ಕಡೆ ಬೆಲೆ ಯಾಕೆ ಕಡಿಮೆ ಇಲ್ಲ?

ಒಂದು ಕಾರಣ ಸರಳ. ಉಳಿದದ್ದನ್ನು ಜೇಬಿಗೆ ಹಾಕಿಕೊಳ್ಳುವುದು ಪಬ್ಲಿಷರ್‌ಗೆ ಇಷ್ಟ. ಇನ್ನೊಂದು ಕಾರಣ ಈಗ ನ್ಯಾಯಾಲಯದಲ್ಲಿದೆ. ವೂಲ್ಫೈರ್ ಗೇಮ್ಸ್ ಅನ್ನುವ ಚಿಕ್ಕ ಸ್ಟುಡಿಯೋ 2021ರ ಏಪ್ರಿಲ್‌ನಲ್ಲಿ ವಾಲ್ವ್ ಮೇಲೆ ದಾವೆ ಹೂಡಿತು. ಹಲವು ಗೇಮ್‌ಗಳನ್ನು ಒಟ್ಟುಗೂಡಿಸಿ ಮಾರುವ ಹಂಬಲ್ ಬಂಡಲ್ ಅನ್ನು 2010ರಲ್ಲಿ ಶುರು ಮಾಡಿದವರು ಇವರೇ. ಅವರ ಆರೋಪ ಏನೆಂದರೆ, ಬೇರೆ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಮಾರಿದರೆ ಗೇಮ್ ಅನ್ನು ಸ್ಟೀಮ್‌ನಿಂದಲೇ ತೆಗೆಯುವುದಾಗಿ ವಾಲ್ವ್ ಹೇಳುತ್ತದೆ. ಸ್ಟೀಮ್ ಕೀಗಳನ್ನು ಹೊರಗೆ ಮಾರುವಾಗ ಇಂಥ ನಿಯಮ ಇರುವುದು ಎಲ್ಲರಿಗೂ ಗೊತ್ತು. ಅದರಲ್ಲಿ ನ್ಯಾಯವೂ ಇದೆ. ಆ ಕೀಗಳಿಂದ ಸ್ಟೀಮ್‌ಗೆ ಕಮಿಷನ್ ಸಿಗುವುದಿಲ್ಲ, ಡೌನ್‌ಲೋಡ್ ಖರ್ಚು ಮಾತ್ರ ಅದರದೇ. ಆದರೆ ಸ್ಟೀಮ್‌ಗೆ ಏನೂ ಸಂಬಂಧವಿಲ್ಲದ ಪ್ರತಿಗಳ ಬೆಲೆಯ ಮೇಲೂ ಹಿಡಿತ ಇದೆ ಅನ್ನುವುದು ವೂಲ್ಫೈರ್ ವಾದ. ವಾಲ್ವ್ ಇದನ್ನು ಒಪ್ಪುವುದಿಲ್ಲ. 2024ರ ನವೆಂಬರ್‌ನಲ್ಲಿ ನ್ಯಾಯಾಲಯ ಇದನ್ನು ಸ್ಟೀಮ್‌ನಲ್ಲಿ ಗೇಮ್ ಮಾರುವವರೆಲ್ಲರ ಪರವಾದ ಸಾಮೂಹಿಕ ದಾವೆಯಾಗಿ ನಡೆಸಲು ಒಪ್ಪಿತು. ಇಂಗ್ಲೆಂಡಿನಲ್ಲೂ 2024ರಲ್ಲಿ ಇದೇ ಬಗೆಯ ದಾವೆ ಹೂಡಲಾಗಿದೆ. ಅಲ್ಲಿ ಕೇಳಿರುವ ಪರಿಹಾರ 65.6 ಕೋಟಿ ಪೌಂಡ್, ಆಟಗಾರರ ಪರವಾಗಿ.

2019ರ ಮೇ ತಿಂಗಳ ಒಂದು ಘಟನೆ ನನಗೆ ಈ ವಿಷಯದಲ್ಲಿ ತುಂಬಾ ಮುಖ್ಯ ಅನ್ನಿಸುತ್ತದೆ. ಎಪಿಕ್ ತನ್ನ ಮೊದಲ ದೊಡ್ಡ ಸೇಲ್ ನಡೆಸಿತು. ಒಂದು ಮಿತಿಗಿಂತ ಮೇಲಿನ ಬೆಲೆಯ ಪ್ರತಿ ಗೇಮ್‌ಗೂ 10 ಡಾಲರ್ ಕಡಿತ. ಆ ಹಣ ಪಬ್ಲಿಷರ್ ಪಾಲಿನಿಂದ ಅಲ್ಲ, ಎಪಿಕ್ ತನ್ನ ಜೇಬಿನಿಂದಲೇ ಹಾಕುತ್ತಿತ್ತು. ಮಾಡಿದವರಿಗೆ ಒಂದು ಪೈಸೆ ನಷ್ಟವಿಲ್ಲ. ಆದರೂ ವ್ಯಾಂಪೈರ್ ಬ್ಲಡ್‌ಲೈನ್ಸ್ 2, ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್ ಮುಂತಾದ ಗೇಮ್‌ಗಳು ಸೇಲ್ ನಡೆಯುತ್ತಿರುವಾಗಲೇ ಅಲ್ಲಿಂದ ಮಾಯವಾದವು. ತಮ್ಮ ಪೂರ್ತಿ ಪಾಲು ಸಿಗುತ್ತಿದ್ದರೂ ಕಡಿಮೆ ಬೆಲೆ ಬೇಡ ಎಂದು ಪಬ್ಲಿಷರ್‌ಗಳೇ ಹಿಂದೆ ಸರಿದರು ಅಂದರೆ, ಬೆಲೆ ಅನ್ನುವುದು ಅವರಿಗೆ ಎಷ್ಟು ಸೂಕ್ಷ್ಮ ಅಂತ ಗೊತ್ತಾಗುತ್ತದೆ. ಅದು ಬೇರೆ ಅಂಗಡಿಯ ಭಯವೋ, ಗೇಮ್‌ನ ಮರ್ಯಾದೆ ಇಳಿಯುತ್ತದೆ ಅನ್ನುವ ಚಿಂತೆಯೋ, ಎರಡೂ ಇರಬಹುದು. ಕೊಳ್ಳುವ ಬೆಲೆಯ ವಿಷಯದಲ್ಲಿ ಎಪಿಕ್ ಮಾಡಿದ್ದರಲ್ಲಿ ಆಟಗಾರನಿಗೆ ನೇರವಾಗಿ ಲಾಭ ತಂದ ಕೆಲಸ ಇದೇ. ಅದಕ್ಕೇ ಅಡ್ಡಿ ಬಂತು.

ಒಂದೇ ಅಂಗಡಿಯ ಮೇಲೆ ಎಲ್ಲರೂ ನಿಂತರೆ ಬರುವ ಅಪಾಯ ಬರೀ ಬೆಲೆಯದಲ್ಲ. ಇಟಲಿಯ ಚಿಕ್ಕ ಸ್ಟುಡಿಯೋ ಸಾಂಟಾ ರಜೋನೆ ಮಾಡಿದ ಹಾರ್ಸಸ್ ಅನ್ನುವ ದೊಡ್ಡವರ ಹಾರರ್ ಗೇಮ್ ಅನ್ನು ಸ್ಟೀಮ್ ತೆಗೆದುಕೊಳ್ಳಲಿಲ್ಲ. 2025ರ ಡಿಸೆಂಬರ್‌ನಲ್ಲಿ ಬಿಡುಗಡೆಯ ಹೊಸ್ತಿಲಲ್ಲಿ ಎಪಿಕ್ ಕೂಡ ಕೈಬಿಟ್ಟಿತು. ಗಾಗ್‌ನಂಥ ಚಿಕ್ಕ ಅಂಗಡಿಗಳು ಅದನ್ನು ಮಾರಿದವು. ಆ ಗೇಮ್ ನಿಮಗೆ ಇಷ್ಟವಾಗದಿರಬಹುದು. ಆದರೆ ಒಂದು ಅಂಗಡಿ ಬೇಡ ಅಂದರೆ ಒಂದು ಸ್ಟುಡಿಯೋನೇ ಮುಳುಗುವ ಸ್ಥಿತಿ ಒಳ್ಳೆಯದಲ್ಲ. ಗಾಗ್‌ನ ಇನ್ನೊಂದು ಗುಣವನ್ನೂ ಹೇಳಬೇಕು. ಅಲ್ಲಿ ಕೊಂಡ ಗೇಮ್‌ನ ಇನ್‌ಸ್ಟಾಲರ್ ಅನ್ನು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು. ಲಾಂಚರ್ ಬೇಕಿಲ್ಲ, ಇಂಟರ್‌ನೆಟ್ ಬೇಕಿಲ್ಲ. ಕ್ಯಾಲಿಫೋರ್ನಿಯಾದ ಹೊಸ ಕಾನೂನಿನ ಹೊತ್ತಿಗೆ, 2024ರ ಅಕ್ಟೋಬರ್‌ನಿಂದ, ಸ್ಟೀಮ್ ತನ್ನ ಪಾವತಿ ಪುಟದಲ್ಲಿ ನೀವು ಕೊಳ್ಳುತ್ತಿರುವುದು ಲೈಸೆನ್ಸ್ ಮಾತ್ರ ಎಂದು ಬರೆಯತೊಡಗಿದೆ. ಲೈಬ್ರರಿಯ ಸಂಕೋಲೆ ಎಷ್ಟು ಗಟ್ಟಿ ಅನ್ನುವುದು ಆ ಒಂದು ಸಾಲಿನಲ್ಲಿದೆ.

ನಮ್ಮ ಕಡೆ ಈ ಪೈಪೋಟಿ ಮುಟ್ಟುವುದು ಬೇರೆ ರೀತಿ. ಸ್ಟೀಮ್ 2015ರ ನವೆಂಬರ್‌ನಲ್ಲಿ ರೂಪಾಯಿ ಬೆಲೆ ತಂದಿತು. ಅದಕ್ಕೂ ಮುಂಚೆ ಡಾಲರ್ ಲೆಕ್ಕ. ರೂಪಾಯಿ ಬೆಲೆ ಅಂದರೆ ಬರೀ ಚಿಹ್ನೆ ಬದಲಾಯಿಸಿದ್ದಲ್ಲ. ಇಲ್ಲಿನ ಸಂಬಳಕ್ಕೆ ತಕ್ಕಂತೆ ಕಡಿಮೆ ಬೆಲೆ ಇಡಲು ಪಬ್ಲಿಷರ್‌ಗಳಿಗೆ ದಾರಿಯಾಯಿತು. ಎಷ್ಟೋ ಚಿಕ್ಕ ಸ್ಟುಡಿಯೋಗಳು ಹಾಗೆ ಇಡುತ್ತವೆ, ಕೆಲವು ದೊಡ್ಡ ಕಂಪನಿಗಳು ಮಾತ್ರ ಇವತ್ತಿಗೂ ಡಾಲರನ್ನು ನೇರವಾಗಿ ಗುಣಿಸಿ ಹಾಕುತ್ತವೆ. ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರಿದ ಹುಡುಗನಿಗೆ ₹4,000ದ ಗೇಮ್ ಯಾವ ಲಾಂಚರ್‌ನಲ್ಲಿ ಬಂದರೇನು? ಅವನು ಸೇಲ್‌ಗೆ ಕಾಯುತ್ತಾನೆ. ಒಂದು ವರ್ಷದ ಎಕ್ಸ್‌ಕ್ಲೂಸಿವ್ ಮುಗಿಯುವ ಹೊತ್ತಿಗೆ ಅವನ ಕೈಗೆಟಕುವ ಬೆಲೆಯೂ ಬಂದಿರುತ್ತದೆ.

ಗೇಮ್ ಮಾಡುವವರ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಬೆಂಗಳೂರಿನಲ್ಲಿ 1997ರಲ್ಲೇ ಶುರುವಾದ ಧ್ರುವ ಇಂಟರಾಕ್ಟಿವ್ 2019ರಲ್ಲಿ ರಾಕ್‌ಸ್ಟಾರ್ ಕೈ ಸೇರಿತು. ಅಂಥ ದೊಡ್ಡ ಮನೆಗೆ ಯಾವ ಅಂಗಡಿಯಾದರೂ ನಡೆಯುತ್ತದೆ. ರೆಡ್ ಡೆಡ್ ರಿಡೆಂಪ್ಷನ್ 2 ಅನ್ನು ರಾಕ್‌ಸ್ಟಾರ್ ಮೊದಲು ತನ್ನ ಲಾಂಚರ್ ಮತ್ತು ಎಪಿಕ್‌ನಲ್ಲಿ ಬಿಟ್ಟು, ಒಂದು ತಿಂಗಳ ಮೇಲೆ ಸ್ಟೀಮ್‌ಗೆ ತಂದಿತು. ಜನ ಕಾದರು. ಸ್ವಂತ ಗೇಮ್ ಮಾಡಲು ಹೊರಟ ಚಿಕ್ಕ ತಂಡಕ್ಕೆ ಆ ಬಲ ಇಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಮಾಡಿದ ರಾಜಿ ಮೊದಲು 2020ರ ಆಗಸ್ಟ್‌ನಲ್ಲಿ ನಿಂಟೆಂಡೋದ ಸ್ವಿಚ್ ಕನ್ಸೋಲ್‌ಗೆ ಮಾತ್ರ ಬಂದು, ಅಕ್ಟೋಬರ್‌ನಲ್ಲಿ ಪಿಸಿಗೆ ಬರುವಾಗ ಸ್ಟೀಮ್ ಮತ್ತು ಎಪಿಕ್ ಎರಡರಲ್ಲೂ ಇತ್ತು. ಇಂಥ ತಂಡಗಳಿಗೆ 12ಕ್ಕೂ 30ಕ್ಕೂ ಇರುವ ವ್ಯತ್ಯಾಸ ಅಂದರೆ ಇನ್ನೊಬ್ಬ ಕಲಾವಿದನ ಸಂಬಳ. 2025ರ ಜೂನ್‌ನಿಂದ ಎಪಿಕ್ ಪ್ರತಿ ಗೇಮ್‌ಗೂ ವರ್ಷದ ಮೊದಲ 10 ಲಕ್ಷ ಡಾಲರ್‌ವರೆಗೆ ಕಮಿಷನ್ನೇ ತೆಗೆದುಕೊಳ್ಳುತ್ತಿಲ್ಲ. ನಮ್ಮಲ್ಲಿ ಹೆಚ್ಚಿನ ಗೇಮ್‌ಗಳು ಆ ಮಿತಿ ಮುಟ್ಟುವುದೇ ಇಲ್ಲ. ಅಂದರೆ ಅವರಿಗೆ ಅಲ್ಲಿ ಕಮಿಷನ್ ಸೊನ್ನೆ. ಎಕ್ಸ್‌ಕ್ಲೂಸಿವ್‌ಗಿಂತ ಇದು ಎಷ್ಟೋ ಒಳ್ಳೆಯ ಹೆಜ್ಜೆ. ಯಾರನ್ನೂ ಕಟ್ಟಿಹಾಕದೆ ಮಾಡಿದ್ದು.

ಆದರೆ ಕಮಿಷನ್ ಸೊನ್ನೆ ಇರುವ ಅಂಗಡಿಯಲ್ಲಿ ಗೇಮ್‌ನ ಬೆಲೆಯನ್ನು ಧೈರ್ಯವಾಗಿ ಇಳಿಸಬಹುದಾ ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ವೂಲ್ಫೈರ್ ದಾವೆಯಂಥವು. ಬೇರೆ ಕಡೆಯ ಬೆಲೆಯಲ್ಲಿ ಸ್ಟೀಮ್ ತಲೆಹಾಕಬಾರದು ಎಂದು ತೀರ್ಪು ಬಂದರೆ, ಕಡಿಮೆ ಬೆಲೆ ಇಡಲು ಮೊದಲು ಮುಂದಾಗುವವರು ದೊಡ್ಡ ಪಬ್ಲಿಷರ್‌ಗಳಲ್ಲ. ಸ್ಟೀಮ್‌ನ ರಾಶಿಯಲ್ಲಿ ಯಾರ ಕಣ್ಣಿಗೂ ಬೀಳದ ಈ ಚಿಕ್ಕ ತಂಡಗಳೇ.